ಸೊನ್ನೆಯೂ ಬರಿದಾದ ಮನೆಯೂ

ಮಳೆಮಾಪಕವನ್ನು ನೋಡಿಕೊಳ್ಳುವವನು ದಿನವೂ ಬೆಳಗ್ಗೆ ಎಂಟೂವರೆ ಗಂಟೆಗೆ ಅಳತೆಯ ಗಾಜನ್ನು ಹಿಡಿದು ಹೋಗಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸೇರಿದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾನೆ. ನಮ್ಮ ದೇಶದಲ್ಲಿ ದಿನದ ಮಳೆಯ ಲೆಕ್ಕ ಹಿಡಿಯುವ ಕ್ರಮ ಇದು. ಮಳೆ ಬಾರದ ದಿನ ಅವನು 0.0 ಎಂದು ಬರೆಯುತ್ತಾನೆ. ಅವನೇ ಜ್ವರದಿಂದ ಮಲಗಿದ ದಿನ ಪುಸ್ತಕದಲ್ಲಿ ಆ ತಾರೀಖಿನ ಮನೆ ಬರಿದಾಗಿ ಉಳಿಯುತ್ತದೆ. ನೋಡುವ ಕಣ್ಣಿಗೆ ಎರಡೂ "ಏನೂ ಇಲ್ಲ" ಎಂಬಂತೆಯೇ ತೋರಬಹುದು. ಆದರೆ ಇವೆರಡರ ನಡುವಣ ಅಂತರ ಬಲು ದೊಡ್ಡದು. ಮೊದಲನೆಯದು ಒಂದು ಅಳತೆ. "ಹೋಗಿ ನೋಡಿದೆ, ನೀರಿರಲಿಲ್ಲ" ಎಂಬ ಸಾಕ್ಷ್ಯ. ಎರಡನೆಯದು ಸಾಕ್ಷ್ಯದ ಅಭಾವ. ಆ ದಿನ ಮಳೆ ಬಂದಿರಲೂಬಹುದು, ಬಾರದಿರಲೂಬಹುದು. ಪುಸ್ತಕಕ್ಕೆ ಅದು ತಿಳಿಯದು.

ಈ ಎರಡನ್ನೂ ಒಂದೆಂದು ಬಗೆದು, ಬರಿದಾದ ಮನೆ ಕಂಡಲ್ಲೆಲ್ಲ ಸೊನ್ನೆ ತುಂಬುವ ಅಭ್ಯಾಸವೊಂದು ನಮ್ಮಲ್ಲಿ ಬೇರುಬಿಟ್ಟಿದೆ. ಈ ಲೇಖನದಲ್ಲಿ ನಮ್ಮ ತಕರಾರು ಆ ಅಭ್ಯಾಸದ ಮೇಲೆ. ಇಂದು ಮಳೆಯ ಪುಸ್ತಕ, ಅಂಕಪಟ್ಟಿ, ಪಡಿತರದ ಪಟ್ಟಿ, ಆಸ್ಪತ್ರೆಯ ದಾಖಲೆ ಇವೆಲ್ಲವೂ ಗಣಕಯಂತ್ರದೊಳಗಿನ ಕೋಷ್ಟಕಗಳಾಗಿವೆ. ಆ ಕೋಷ್ಟಕಗಳಿಗೆ ಪ್ರಶ್ನೆ ಹಾಕಿ ಉತ್ತರ ಪಡೆಯಲು ಬಹುಪಾಲು ಎಲ್ಲ ಕಡೆಯೂ ಬಳಸುವ ಭಾಷೆ ಎಸ್‌ಕ್ಯೂಎಲ್. ಬರಿದಾದ ಮನೆಗೆ ಆ ಭಾಷೆಯಲ್ಲಿ "ನಲ್" ಎಂದು ಹೆಸರು. ದ್ವಿತೀಯ ಪಿ.ಯು.ಸಿ.ಯಲ್ಲಿ ಗಣಕವಿಜ್ಞಾನವನ್ನು ಓದುವವರು ಈ ಹೆಸರನ್ನು ಕೇಳಿಯೇ ಇರುತ್ತಾರೆ; "ನಲ್ ಎಂದರೇನು?" ಎಂಬ ಸಣ್ಣ ಪ್ರಶ್ನೆಗೆ ಒಂದು ವಾಕ್ಯದ ಉತ್ತರವನ್ನು ಬಾಯಿಪಾಠ ಮಾಡಿರಲೂಬಹುದು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೆಲವರು ಕೇಳಬಹುದು. ಅಳೆಯುವುದೂ, ಅಳತೆಯ ಮೇಲೆ ಎಷ್ಟು ನಂಬಿಕೆ ಇಡಬಹುದೆಂದು ಹೇಳುವುದೂ ನಮ್ಮ ಶಾಸ್ತ್ರದ ಕಸುಬೇ ಆದುದರಿಂದ, ಅಳೆಯದೆ ಬಿಟ್ಟುದನ್ನು ಕುರಿತು ಎರಡು ಮಾತನಾಡುವ ಹಕ್ಕು ನಮಗೂ ಉಂಟೆಂದು ತಿಳಿದಿದ್ದೇವೆ.

ಮೊದಲು ಒಂದು ಶಬ್ದದ ಗೊಂದಲವನ್ನು ಕಳೆಯಬೇಕು. ಕಚೇರಿಗಳಲ್ಲಿ "ನಿಲ್" ಎಂದು ಬರೆದು ವರದಿ ಕಳುಹಿಸುವುದುಂಟು. ವಿದ್ಯಾರ್ಥಿಗಳು ಎಷ್ಟೋ ವೇಳೆ ನಿಲ್ ಮತ್ತು ನಲ್ ಎರಡೂ ಒಂದೇ ಎಂದುಕೊಳ್ಳುತ್ತಾರೆ. ನಿಲ್ ಎಂದರೆ ಸೊನ್ನೆ; ವಿಚಾರಿಸಿದ್ದಾಯಿತು, ಒಂದೂ ಇಲ್ಲ ಎಂದರ್ಥ. ನಲ್ ಎಂದರೆ ಬೆಲೆಯೇ ದಾಖಲಾಗಿಲ್ಲವೆಂದರ್ಥ. ನಮ್ಮ ಶಾಲೆಯ ಗುಮಾಸ್ತರು ಗಣಕಯಂತ್ರವನ್ನು ಕಾಣುವ ಎಷ್ಟೋ ಮೊದಲೇ ಈ ಭೇದವನ್ನು ಅರಿತಿದ್ದರು. ಪರೀಕ್ಷೆಗೆ ಕುಳಿತು ಏನನ್ನೂ ಬರೆಯದವನ ಹೆಸರಿನ ಮುಂದೆ ಸೊನ್ನೆ ಹಾಕಿ, ಪರೀಕ್ಷೆಗೇ ಬಾರದವನ ಹೆಸರಿನ ಮುಂದೆ "ಗೈರುಹಾಜರಿ" ಎಂದು ಬರೆಯುತ್ತಿದ್ದರು.

ನಮ್ಮ ಹಳೆಯ ದಾರ್ಶನಿಕರಂತೂ ಇದನ್ನು ಇನ್ನೂ ಆಳವಾಗಿ ಚರ್ಚಿಸಿದ್ದಾರೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ "ಅನುಪಲಬ್ಧಿ" ಎಂಬುದನ್ನು ಆರನೆಯ ಪ್ರಮಾಣವೆಂದು ಎಣಿಸಿದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ, ಆ ಕಾಣದಿರುವಿಕೆಯಿಂದಲೇ ಗಡಿಗೆ ಇಲ್ಲವೆಂಬ ಜ್ಞಾನ ಉಂಟಾಗುತ್ತದೆ ಎಂಬುದು ಅವರ ವಾದ. ಆದರೆ ಇದಕ್ಕೆ ಅವರು ಒಂದು ಕಟ್ಟನ್ನು ಹಾಕಿದರು. ಆ ಅನುಪಲಬ್ಧಿ "ಯೋಗ್ಯ"ವಾದುದಾಗಿರಬೇಕು. ಎಂದರೆ, ಗಡಿಗೆ ಅಲ್ಲಿ ಇದ್ದಿದ್ದರೆ ಕಾಣಲೇಬೇಕಾದ ಸನ್ನಿವೇಶವಿರಬೇಕು. ಕತ್ತಲೆಯ ಕೋಣೆಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಗಡಿಗೆ ಇಲ್ಲವೆನ್ನಲಾಗದು. ಮಳೆಯ ಪುಸ್ತಕದ 0.0 ಬೆಳಕಿನಲ್ಲಿ ನೋಡಿ ಹೇಳಿದ "ಇಲ್ಲ". ಬರಿದಾದ ಮನೆ ಕತ್ತಲೆಯ ಕೋಣೆ. ಗಣಕಯಂತ್ರಕ್ಕೂ ದರ್ಶನಶಾಸ್ತ್ರಕ್ಕೂ ನಂಟು ಕಟ್ಟುವ ಉದ್ದೇಶ ನಮಗಿಲ್ಲ. ಭೇದವು ಹೊಸತಲ್ಲವೆಂಬುದನ್ನಷ್ಟೇ ತೋರಿಸಿದೆವು.

ಕೋಷ್ಟಕಗಳ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಇವರು, ದೊಡ್ಡ ದತ್ತಾಂಶ ಸಂಗ್ರಹಗಳನ್ನು ಸಾಲು ಮತ್ತು ಕಾಲಂಗಳುಳ್ಳ ಕೋಷ್ಟಕಗಳಾಗಿ ಕಾಣುವ ಪ್ರಬಂಧವನ್ನು 1970ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು 1974ರಲ್ಲಿ ಈ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ರೂಪಿಸಿದರು. ಅದು ಬೆಳೆದು ಎಸ್‌ಕ್ಯೂಎಲ್ ಆಯಿತು, 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮನ್ನಣೆ ಪಡೆಯಿತು. ಬರಿದಾದ ಮನೆಯ ಪ್ರಶ್ನೆಯನ್ನು ಕಾಡ್ ಅವರು 1979ರ ಇನ್ನೊಂದು ಪ್ರಬಂಧದಲ್ಲಿ ವಿಸ್ತಾರವಾಗಿ ಎತ್ತಿಕೊಂಡರು. ಬೆಲೆ ತಿಳಿಯದಿರುವಾಗ ಹೋಲಿಕೆಯ ಉತ್ತರವೂ ತಿಳಿಯದು. ಆದುದರಿಂದ ಸತ್ಯ, ಅಸತ್ಯ ಎಂಬ ಎರಡು ಉತ್ತರಗಳು ಸಾಲವು, "ಅಜ್ಞಾತ" ಎಂಬ ಮೂರನೆಯ ಉತ್ತರವೂ ಬೇಕು ಎಂಬುದು ಅವರ ನಿಲುವು. ಮೂರು ಬೆಲೆಗಳ ತರ್ಕ ಅವರದೇ ಸೃಷ್ಟಿಯಲ್ಲ. ಪೋಲೆಂಡಿನ ಯಾನ್ ಲುಕಾಸೀವಿಚ್ ಎಂಬ ತರ್ಕಶಾಸ್ತ್ರಜ್ಞರು 1920ರಷ್ಟು ಹಿಂದೆಯೇ ಅಂಥದೊಂದನ್ನು ಮಂಡಿಸಿದ್ದರು.

ಈ ತರ್ಕವನ್ನು ಕಂಠಪಾಠ ಮಾಡುವ ಆವಶ್ಯಕತೆಯಿಲ್ಲ. ಪ್ರಯೋಗಶಾಲೆಯ ಎರಡು ಸ್ವಿಚ್ಚುಗಳೂ ಒಂದು ದೀಪವೂ ಸಾಕು. ಒಂದು ಸ್ವಿಚ್ಚು ನಮ್ಮ ಕಣ್ಣ ಮುಂದಿದೆ. ಇನ್ನೊಂದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ, ಅದು ಹಾಕಿದೆಯೋ ಆರಿದೆಯೋ ತಿಳಿಯದು. ದೀಪವನ್ನೂ ಸದ್ಯಕ್ಕೆ ಬಟ್ಟೆಯಿಂದ ಮುಚ್ಚಿಟ್ಟಿರೋಣ. ಎರಡು ಸ್ವಿಚ್ಚುಗಳನ್ನೂ ಸರಣಿಯಲ್ಲಿ ಜೋಡಿಸಿ ಕಾಣುವ ಸ್ವಿಚ್ಚನ್ನು ಆರಿಸಿದರೆ, ಪೆಟ್ಟಿಗೆಯೊಳಗೆ ಏನೇ ಇರಲಿ, ದೀಪ ಉರಿಯದೆಂದು ನಿಶ್ಚಯವಾಗಿ ಹೇಳಬಹುದು. ಕಾಣುವ ಸ್ವಿಚ್ಚನ್ನು ಹಾಕಿದರೆ ಮಾತ್ರ ದೀಪದ ಸ್ಥಿತಿ ಅಜ್ಞಾತ. ಇದೇ ಎಸ್‌ಕ್ಯೂಎಲ್‌ನ "ಆಂಡ್". ಸಮಾಂತರವಾಗಿ ಜೋಡಿಸಿದರೆ ಇದಕ್ಕೆ ತಿರುಗಮುರುಗ. ಕಾಣುವ ಸ್ವಿಚ್ಚು ಹಾಕಿದ್ದರೆ ದೀಪ ಉರಿದೇ ಉರಿಯುತ್ತದೆ. ಆರಿಸಿದ್ದರೆ ಉತ್ತರ ಅಜ್ಞಾತ. ಇದು "ಆರ್". ಪೆಟ್ಟಿಗೆಯೊಳಗಿನ ಸ್ವಿಚ್ಚಿನ ಸ್ಥಿತಿಯನ್ನು ತಲೆಕೆಳಗು ಮಾಡಿದರೂ ಅದು ನಮಗೆ ಅಜ್ಞಾತವಾಗಿಯೇ ಉಳಿಯುತ್ತದೆ. ಇದು "ನಾಟ್". ತಿಳಿಯದುದನ್ನು ತಿಳಿಯದೆಂದೂ, ತಿಳಿಯದುದಿದ್ದರೂ ಹೇಳಬಹುದಾದುದನ್ನು ಹೇಳಿಯೂ ಬಿಡುವ ಈ ಏರ್ಪಾಡು ಪ್ರಾಮಾಣಿಕವಾದುದೆಂದೇ ನಮ್ಮ ಅಭಿಪ್ರಾಯ.

ತೊಡಕು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಕೋಷ್ಟಕಕ್ಕೆ ಪ್ರಶ್ನೆ ಹಾಕುವಾಗ "ವೇರ್" ಎಂಬ ಪದದ ಮುಂದೆ ಷರತ್ತನ್ನು ಬರೆಯುತ್ತೇವೆ. ಷರತ್ತು ಸತ್ಯವಾದ ಸಾಲುಗಳು ಉತ್ತರದಲ್ಲಿ ಬರುತ್ತವೆ. ಅಸತ್ಯವಾದವು ಬರುವುದಿಲ್ಲ. ಅಜ್ಞಾತವಾದವು? ಅವೂ ಬರುವುದಿಲ್ಲ. ಒಳಗೆ ಮೂರು ಬಣ್ಣಗಳಲ್ಲಿ ಯೋಚಿಸಿದ ಯಂತ್ರ ಬಾಗಿಲ ಬಳಿಗೆ ಬಂದೊಡನೆ ಎರಡೇ ಬಣ್ಣಗಳಲ್ಲಿ ಮಾತನಾಡುತ್ತದೆ. ಮೂರನೆಯದನ್ನು ಬಿಟ್ಟೆನೆಂದು ಒಂದು ಸೊಲ್ಲನ್ನೂ ಎತ್ತುವುದಿಲ್ಲ.

ಇದರ ಪರಿಣಾಮವನ್ನು ನೋಡೋಣ. ಐದು ಮಂದಿ ವಿದ್ಯಾರ್ಥಿಗಳ ಅಂಕಗಳು 62, 48, 0, 30 ಎಂದೂ, ಐದನೆಯವಳದು ಬರಿದೆಂದೂ ಇಟ್ಟುಕೊಳ್ಳೋಣ. ತೇರ್ಗಡೆಗೆ 35 ಅಂಕ ಬೇಕು. "ಅಂಕ 35 ಅಥವಾ ಅದಕ್ಕಿಂತ ಹೆಚ್ಚು ಇರುವವರು ಯಾರು?" ಎಂದರೆ ಇಬ್ಬರ ಹೆಸರು ಬರುತ್ತದೆ. "35ಕ್ಕಿಂತ ಕಡಿಮೆ ಇರುವವರು ಯಾರು?" ಎಂದರೆ ಮತ್ತಿಬ್ಬರು. ಐದನೆಯ ಹುಡುಗಿ ಎರಡು ಪಟ್ಟಿಗಳಲ್ಲಿಯೂ ಇಲ್ಲ. ಅವಳ ಉತ್ತರಪತ್ರಿಕೆ ಮೌಲ್ಯಮಾಪನದ ಕೇಂದ್ರದಿಂದ ಬರುವುದು ತಡವಾಗಿರಬಹುದು, ಅಂಕವನ್ನು ತುಂಬುವವರ ಕೈ ಒಂದು ಸಾಲನ್ನು ದಾಟಿರಬಹುದು. ತೇರ್ಗಡೆಯಾದವರಿಗೆ ಮುಂದಿನ ತರಗತಿಯ ಪ್ರವೇಶಪತ್ರ ಹೋಗುತ್ತದೆ, ಆಗದವರಿಗೆ ಮರುಪರೀಕ್ಷೆಯ ತಿಳಿವಳಿಕೆ ಹೋಗುತ್ತದೆ. ಇವಳಿಗೆ ಎರಡೂ ಹೋಗುವುದಿಲ್ಲ. ಜನ್ಮದಿನಾಂಕ ದಾಖಲಾಗದ ವೃದ್ಧರ ವಿಷಯದಲ್ಲಿಯೂ ಹೀಗೆಯೇ. ಅರುವತ್ತು ತುಂಬಿದವರ ಪಟ್ಟಿಯನ್ನು ಕೇಳಿದರೂ, ತುಂಬದವರ ಪಟ್ಟಿಯನ್ನು ಕೇಳಿದರೂ ಅವರು ಕಾಣಿಸಿಕೊಳ್ಳರು. "ಅಂಕ = ನಲ್" ಎಂದು ಕೇಳಿ ಇಂಥವರನ್ನು ಹುಡುಕಲೂ ಆಗದು. ತಿಳಿಯದ ಒಂದು ಬೆಲೆ ತಿಳಿಯದ ಇನ್ನೊಂದು ಬೆಲೆಗೆ ಸಮವೇ ಎಂಬ ಪ್ರಶ್ನೆಗೆ ಉತ್ತರವೂ ಅಜ್ಞಾತವೇ ಅಲ್ಲವೆ? ಆದುದರಿಂದ ಎಸ್‌ಕ್ಯೂಎಲ್‌ನಲ್ಲಿ "ಈಸ್ ನಲ್" ಎಂಬ ಬೇರೆಯ ಪ್ರಶ್ನೆಯನ್ನೇ ಇಟ್ಟಿದ್ದಾರೆ. "ಅಂಕ ಈಸ್ ನಲ್" ಎಂದು ಕೇಳಿದರೆ ಐದನೆಯ ಹುಡುಗಿ ಹೊರಗೆ ಬರುತ್ತಾಳೆ. ಆದರೆ ಹಾಗೆ ಕೇಳಬೇಕೆಂಬುದು ಕೇಳುವವನಿಗೆ ಹೊಳೆಯಬೇಕು.

ಇದಕ್ಕಿಂತಲೂ ಅಪಾಯಕರವಾದ ಒಂದು ಪ್ರಶ್ನೆಯಿದೆ. ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಪಡೆದವರ ಕೋಷ್ಟಕ ಒಂದಿದೆ. ಪಡೆಯದವರು ಯಾರೆಂದು ತಿಳಿಯಬೇಕು. "ಯಾರ ನೋಂದಣಿ ಸಂಖ್ಯೆ ಆ ಕೋಷ್ಟಕದೊಳಗೆ ಇಲ್ಲವೋ ಅವರು" ಎಂದು "ನಾಟ್ ಇನ್" ಬಳಸಿ ಕೇಳುವುದು ಸಹಜ. ವೇತನ ಪಡೆದವರ ಸಾಲುಗಳಲ್ಲಿ 101, 102 ಎಂಬ ಸಂಖ್ಯೆಗಳ ಜೊತೆಗೆ ಎಲ್ಲೋ ಒಂದು ಸಾಲಿನಲ್ಲಿ ಸಂಖ್ಯೆ ಬರೆಯದೆ ಬಿಟ್ಟುಹೋಗಿದೆ ಎನ್ನೋಣ. ಈಗ 105ನೆಯ ವಿದ್ಯಾರ್ಥಿಯ ಸರದಿ. 105 ಎಂಬುದು 101 ಅಲ್ಲ: ಸತ್ಯ. 102 ಅಲ್ಲ: ಸತ್ಯ. ಆ ಬರಿದಾದ ಮನೆಯ ಸಂಖ್ಯೆ ಅಲ್ಲ: ಅಜ್ಞಾತ. ಮೂರನ್ನೂ ಸರಣಿಯಲ್ಲಿ ಜೋಡಿಸಿದರೆ ಉತ್ತರ ಅಜ್ಞಾತ. 105ನೆಯವನು ಪಟ್ಟಿಯಿಂದ ಹೊರಗೆ. 106, 107 ಎಲ್ಲರಿಗೂ ಇದೇ ಗತಿ. ಒಂದೇ ಒಂದು ಬರಿದಾದ ಮನೆಯ ದೆಸೆಯಿಂದ ಇಡೀ ಉತ್ತರ ಶೂನ್ಯವಾಗಿ ಬರುತ್ತದೆ. ಯಂತ್ರ ತಪ್ಪು ಮಾಡಿಲ್ಲ. ಆ ಮನೆಯಲ್ಲಿ 105 ಇದ್ದಿರಲೂಬಹುದಲ್ಲ! ಆದರೆ ಖಾಲಿ ಪಟ್ಟಿಯನ್ನು ಕಂಡ ಅಧಿಕಾರಿ "ವೇತನ ಬಾರದವರು ಯಾರೂ ಇಲ್ಲ, ಎಲ್ಲರಿಗೂ ಸಂದಿದೆ" ಎಂದು ಸಂತೋಷದಿಂದ ಸಹಿ ಹಾಕುತ್ತಾನೆ. ಇದೇ ಪ್ರಶ್ನೆಯನ್ನು "ನಾಟ್ ಎಕ್ಸಿಸ್ಟ್ಸ್" ಎಂಬ ಇನ್ನೊಂದು ರೂಪದಲ್ಲಿ ಕೇಳಿದರೆ, ಹೊಂದುವ ಸಾಲು ಸಿಗದವರೆಲ್ಲರ ಹೆಸರೂ ಬರುತ್ತದೆ. ಕನ್ನಡದಲ್ಲಿ ಎರಡು ಪ್ರಶ್ನೆಗಳಿಗೂ ಒಂದೇ ವಾಕ್ಯ. ಯಂತ್ರಕ್ಕೆ ಅವು ಬೇರೆ ಬೇರೆ.

ಇಷ್ಟು ತಾಪತ್ರಯವಾದರೆ ಬರಿದಾದ ಮನೆಗೆಲ್ಲ ಸೊನ್ನೆಯನ್ನೇ ತುಂಬಿಬಿಡಬಾರದೇಕೆ ಎಂದು ತೋರುವುದು ಸಹಜವೇ. ಅದಕ್ಕೆ ಬೇಕಾದ ಸಾಧನವೂ ಭಾಷೆಯಲ್ಲಿದೆ. "ಕೋಅಲೆಸ್" ಎಂಬ ಕ್ರಿಯೆಗೆ ಕಾಲಮಿನ ಹೆಸರನ್ನೂ ಸೊನ್ನೆಯನ್ನೂ ಕೊಟ್ಟರೆ, ನಲ್ ಇರುವೆಡೆಯಲ್ಲೆಲ್ಲ ಸೊನ್ನೆ ಬಂದು ಕೂರುತ್ತದೆ. ಆಗ ಐದು ಜನರ ಸರಾಸರಿ 140ನ್ನು 5ರಿಂದ ಭಾಗಿಸಿ 28 ಎಂದಾಗುತ್ತದೆ. ತುಂಬದೆ ಬಿಟ್ಟರೆ ಎಸ್‌ಕ್ಯೂಎಲ್ ಬರಿದಾದ ಮನೆಯನ್ನು ಎಣಿಸದೆ 140ನ್ನು 4ರಿಂದ ಭಾಗಿಸಿ 35 ಎನ್ನುತ್ತದೆ. ತರಗತಿಯ ಸರಾಸರಿ ತೇರ್ಗಡೆಯ ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂಬುದು ಒಂದು ಮನೆಯ ಸೊನ್ನೆಯನ್ನು ಅವಲಂಬಿಸಿತು. ಸೊನ್ನೆ ತುಂಬಿದವನು ಹೊಸ ಅಳತೆಯೊಂದನ್ನು ತಾನೇ ಸೃಷ್ಟಿಸಿದ ಹಾಗಾಯಿತು. ಪ್ರಯೋಗ ಮಾಡದೆ ರೆಕಾರ್ಡು ಪುಸ್ತಕದಲ್ಲಿ ಅಂಕಿ ಬರೆಯುವ ವಿದ್ಯಾರ್ಥಿಗೆ ನಾವು ಏನನ್ನುತ್ತೇವೋ ಅವನಿಗೂ ಅದನ್ನೇ ಅನ್ನಬೇಕು. ಸೊನ್ನೆ ಎಂಬ ಉತ್ತರವೇ ಸರಿಯಾದ ಸಂದರ್ಭಗಳೂ ಉಂಟು: ಅಂಗಡಿಯಲ್ಲಿ ಒಂದು ಪದಾರ್ಥ ಆ ದಿನ ಮಾರಾಟದ ಕೋಷ್ಟಕದಲ್ಲಿ ಕಾಣದಿದ್ದರೆ ಮಾರಾಟ ಸೊನ್ನೆಯೇ. ಅಲ್ಲಿ ಅನುಪಲಬ್ಧಿ ಯೋಗ್ಯವಾದುದು. ಮಾರಿದ್ದರೆ ಬಿಲ್ಲು ಇರಲೇಬೇಕಾಗಿತ್ತು.

ಹಾಗೆಂದು ಯಂತ್ರ ತಾನಾಗಿ ಕೊಡುವ 35 ಎಂಬ ಸರಾಸರಿಯೂ ನಿರ್ದೋಷವಲ್ಲ. ಬರಿದಾದ ಮನೆಯನ್ನು ಬಿಟ್ಟು ಸರಾಸರಿ ತೆಗೆಯುವುದೆಂದರೆ, ಕಾಣದುದು ಕಂಡದ್ದರ ಹಾಗೆಯೇ ಇರುತ್ತದೆ ಎಂದು ಮೌನವಾಗಿ ಒಪ್ಪಿಕೊಂಡ ಹಾಗೆ. ಮತ್ತೆ ಮಳೆಮಾಪಕಕ್ಕೆ ಬರೋಣ. ಜುಲೈ ತಿಂಗಳ 31 ದಿನಗಳಲ್ಲಿ 26 ದಿನ ಅಳತೆಯಾಗಿದೆ, ಒಟ್ಟು 780 ಮಿಲಿಮೀಟರ್ ಎನ್ನೋಣ. ದಿನದ ಸರಾಸರಿ 30. ಉಳಿದ ಐದು ದಿನ ಅಳೆಯುವವನು ಏಕೆ ಬರಲಿಲ್ಲ? ಜ್ವರವಾದರೆ ಸರಾಸರಿಗೆ ಬಾಧಕವಿಲ್ಲ. ಹೊಳೆ ಉಕ್ಕಿ ದಾಟಲಾಗದೆ ನಿಂತಿದ್ದರೆ? ಆಗ ಆ ಐದು ದಿನಗಳೇ ತಿಂಗಳಿನ ಅತಿ ಜೋರಾದ ಮಳೆಯ ದಿನಗಳು. ಸೊನ್ನೆ ತುಂಬಿದರೆ ಸುಮಾರು 25ಕ್ಕೆ ಇಳಿಯುವ ಸರಾಸರಿಯೂ ಸುಳ್ಳು, ತುಂಬದ 30 ಎಂಬುದೂ ಸುಳ್ಳು, ನಿಜವಾದುದು ಎರಡಕ್ಕಿಂತಲೂ ಮೇಲಿರುತ್ತದೆ. ಅಳೆಯಬೇಕಾದ ವಸ್ತುವೇ ಅಳತೆಗೆ ಅಡ್ಡ ಬರುವುದು ಅಪರೂಪವೇನಲ್ಲ. ಓದಿನಲ್ಲಿ ಹಿಂದುಳಿದವನೇ ಪರೀಕ್ಷೆಗೆ ಬಾರನು. ಕಾಯಿಲೆ ಉಲ್ಬಣಿಸಿದವನೇ ತಪಾಸಣೆಗೆ ಬಾರನು. (ಅಳೆಯದ ದಿನಗಳ ನೀರು ಮಾಪಕದ ಪಾತ್ರೆಯಲ್ಲಿಯೇ ಉಳಿದಿದ್ದರೆ ಆರನೆಯ ದಿನದ ಅಳತೆಯಲ್ಲಿ ಅದೂ ಸೇರಿಬಿಡುತ್ತದೆ, ಆಗಿನ ಲೆಕ್ಕವೇ ಬೇರೆ. ಅದನ್ನು ವಾಚಕರು ತಾವೇ ಯೋಚಿಸಿ ನೋಡಬಹುದು.)

ಬರಿದಾದ ಮನೆಯಲ್ಲಿ ಸೊನ್ನೆಗೆ ಬದಲು ವಿಚಿತ್ರವಾದೊಂದು ಅಂಕಿಯನ್ನು ಗುರುತಿಗಾಗಿ ಬರೆಯುವ ಪದ್ಧತಿಯೂ ಇದೆ. ಭಾರತೀಯ ಹವಾಮಾನ ಇಲಾಖೆಯು ದೇಶವನ್ನು ಚೌಕಗಳಾಗಿ ವಿಂಗಡಿಸಿ ಪ್ರಕಟಿಸುವ ದತ್ತಾಂಶದಲ್ಲಿ ಮಳೆಯ ಬೆಲೆ ಇಲ್ಲದ ಕಡೆ -999 ಎಂದೂ, ಉಷ್ಣತೆಯ ಬೆಲೆ ಇಲ್ಲದ ಕಡೆ 99.9 ಎಂದೂ ಇರುತ್ತದೆ. ಇಲಾಖೆ ಇದನ್ನು ಬಚ್ಚಿಟ್ಟಿಲ್ಲ. ದತ್ತಾಂಶದ ಜೊತೆಯ ವಿವರಣೆಯನ್ನು ಓದಿದವರಿಗೆ ತೊಂದರೆಯಿಲ್ಲ. ಓದದವರ ಪಾಡೇನು? ಮೂವತ್ತು ದಿನ 10 ಮಿಲಿಮೀಟರ್ ಮಳೆ, ಒಂದು ದಿನ -999 ಎಂದಿದ್ದರೆ ಸರಾಸರಿ ಸುಮಾರು -22.5 ಬರುತ್ತದೆ, ಮಳೆ ಋಣವಾಗಿ ಬೀಳದಾದುದರಿಂದ ತಪ್ಪು ತಾನೇ ಕೂಗಿ ಹೇಳುತ್ತದೆ. ಆದರೆ ಮೂವತ್ತು ದಿನ 30 ಡಿಗ್ರಿ ಸೆಲ್ಸಿಯಸ್, ಒಂದು ದಿನ 99.9 ಎಂದಿದ್ದರೆ ಸರಾಸರಿ ಸುಮಾರು 32.3 ಆಗುತ್ತದೆ. ನೋಡಲು ಏನೂ ವಿಪರೀತವಲ್ಲ. ಎರಡು ಡಿಗ್ರಿಗೂ ಮೀರಿದ ಸುಳ್ಳು ಸದ್ದಿಲ್ಲದೆ ಒಳಗೆ ಸೇರಿಕೊಂಡಿತು. ನಲ್ ಇಲ್ಲಿ ಮೇಲು. ಐದಕ್ಕೆ ನಲ್ ಕೂಡಿಸಿದರೆ ಬರುವುದು ನಲ್. ಮನೆಯ ವಿದ್ಯುತ್ತಿನ ಫ್ಯೂಸಿನಂತೆ ಅದು ಲೆಕ್ಕವನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ.

ಸೊನ್ನೆ ತುಂಬಿದ್ದರ ಫಲವನ್ನು ಭೂಪಟದಲ್ಲಿಯೇ ನೋಡಬಯಸುವವರು ಸೊನ್ನೆ ಅಕ್ಷಾಂಶವೂ ಸೊನ್ನೆ ರೇಖಾಂಶವೂ ಸೇರುವ ಬಿಂದುವನ್ನು ಹುಡುಕಬೇಕು. ಅದು ಆಫ್ರಿಕದ ಘಾನಾ ದೇಶದ ದಕ್ಷಿಣಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿದೆ. ಅಲ್ಲಿ ನೆಲವಿಲ್ಲ, ಹವಾಮಾನವನ್ನು ಅಳೆಯುವ ತೇಲುಬುರುಡೆಯೊಂದಕ್ಕೆ ಅದು ಲಂಗರಿನ ತಾಣ. ಆದರೂ ಎಷ್ಟೋ ಕೋಷ್ಟಕಗಳ ಪ್ರಕಾರ ಅಲ್ಲಿ ಅಂಗಡಿಗಳಿವೆ, ಛಾಯಾಚಿತ್ರಗಳನ್ನು ತೆಗೆಯಲಾಗಿದೆ, ಅಪಘಾತಗಳು ನಡೆದಿವೆ. ಸ್ಥಳ ತಿಳಿಯದ ಸಾಲುಗಳಲ್ಲಿ ಸೊನ್ನೆ ತುಂಬಿದ್ದರ ಮಹಿಮೆ ಇದು. ಭೂಪಟ ತಯಾರಿಸುವವರು ಆ ಬಿಂದುವಿಗೆ ತಮಾಷೆಗಾಗಿ "ನಲ್ ದ್ವೀಪ" ಎಂದು ಹೆಸರಿಟ್ಟಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಬ್ಬನು ತನ್ನ ಮೋಟಾರು ಗಾಡಿಗೆ ಸಂಖ್ಯೆಯ ಬದಲು "ನಲ್" ಎಂಬ ಅಕ್ಷರಗಳನ್ನೇ ಬರೆಸಿಕೊಂಡು, ಗಾಡಿಯ ಸಂಖ್ಯೆ ದಾಖಲಾಗದ ಅನ್ಯರ ದಂಡಗಳೆಲ್ಲ ತನ್ನ ಮೇಲೆ ಬಂದು ಹನ್ನೆರಡು ಸಾವಿರ ಡಾಲರಿಗೂ ಮೀರಿದ ಸಂಗತಿ 2019ರಲ್ಲಿ ಸುದ್ದಿಯಾಯಿತು. ಅವನು ಚೇಷ್ಟೆಗೆಂದು ಮಾಡಿದುದು ನಿಜ. ಆದರೂ ಬರಿದಾದ ಮನೆಯೇ ಬೇರೆ, ಬರಿದು ಎಂಬ ಶಬ್ದವನ್ನು ಬರೆದ ಮನೆಯೇ ಬೇರೆ ಎಂಬುದನ್ನು ಆ ಯಂತ್ರಗಳಿಗೆ ಕಲಿಸದೆ ಬಿಟ್ಟವರು ಅವನಲ್ಲ.

ನಲ್ ಎಂಬುದನ್ನೇ ಬೇಡವೆನ್ನುವ ಪಂಡಿತರೂ ಇದ್ದಾರೆ. ಕಾಡ್ ಅವರ ಸಹೋದ್ಯೋಗಿಯೂ ಅವರ ಶಾಸ್ತ್ರದ ದೊಡ್ಡ ವ್ಯಾಖ್ಯಾನಕಾರರೂ ಆದ ಕ್ರಿಸ್ ಡೇಟ್ ಅವರು ಈ ವಿಷಯದಲ್ಲಿ ಕಾಡ್ ಅವರನ್ನು ಒಪ್ಪಲಿಲ್ಲ. ಅವರ ಆಕ್ಷೇಪಣೆಯಲ್ಲಿ ತಿರುಳಿದೆ. ಪೆಟ್ಟಿಗೆಯೊಳಗಿನ ಸ್ವಿಚ್ಚನ್ನು ಮೇಲೆತ್ತಿದರೆ ಕೆಂಪು ದೀಪ, ಕೆಳಗಿಳಿಸಿದರೆ ಹಸುರು ದೀಪ ಉರಿಯುವಂತೆ ಜೋಡಿಸಿದ್ದರೆ, ಎರಡರಲ್ಲೊಂದು ದೀಪ ಉರಿಯುತ್ತಿದೆಯೆಂದು ಸಣ್ಣ ಮಗುವೂ ಹೇಳಬಲ್ಲದು. ಎಸ್‌ಕ್ಯೂಎಲ್ ಹೇಳಲಾರದು. ಕೆಂಪೋ ಅಜ್ಞಾತ, ಹಸುರೋ ಅಜ್ಞಾತ, ಎರಡನ್ನೂ "ಆರ್" ಮಾಡಿದರೂ ಅಜ್ಞಾತ! ಐದನೆಯ ಹುಡುಗಿಯ ಅಂಕ 35ಕ್ಕೆ ಕೆಳಗೋ ಮೇಲೋ ಇರಲೇಬೇಕಾದರೂ ಅವಳು ಎರಡು ಪಟ್ಟಿಗಳಿಂದಲೂ ಜಾರಿಹೋದುದಕ್ಕೆ ಇದೇ ಮೂಲ. ಭಾಷೆಯ ನಡವಳಿಕೆಯಲ್ಲಿ ಇನ್ನಷ್ಟು ಅಸಂಗತಿಗಳೂ ಇವೆ. ಪ್ರಶ್ನೆಯ "ವೇರ್" ಅಜ್ಞಾತವನ್ನು ಹೊರಗೆ ತಳ್ಳುತ್ತದೆ. ಕೋಷ್ಟಕದೊಳಗೆ ತಪ್ಪು ಬೆಲೆ ನುಗ್ಗದಂತೆ ಕಾವಲಿರುವ "ಚೆಕ್" ಅಜ್ಞಾತವನ್ನು ಒಳಗೆ ಬಿಡುತ್ತದೆ. ಒಂದೇ ಉತ್ತರಕ್ಕೆ ಒಂದು ಬಾಗಿಲಲ್ಲಿ ನಿರಾಕರಣೆ, ಇನ್ನೊಂದರಲ್ಲಿ ಸ್ವಾಗತ. ಎರಡು ನಲ್‌ಗಳು ಸಮವೇ ಎಂದರೆ ಅಜ್ಞಾತವೆನ್ನುವ ಯಂತ್ರ, ಸಾಲುಗಳನ್ನು ಗುಂಪು ಮಾಡು ಎಂದಾಗ ನಲ್‌ಗಳನ್ನೆಲ್ಲ ಒಂದೇ ಗುಂಪಿನಲ್ಲಿ ಕೂಡಿಸುತ್ತದೆ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಮೈಎಸ್‌ಕ್ಯೂಎಲ್‌ನಲ್ಲಿ ನಲ್‌ಗಳು ಮೊದಲು ಬರುತ್ತವೆ, ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಗೆ. ಒರಾಕಲ್‌ನಲ್ಲಿ ಅಕ್ಷರವೇ ಇಲ್ಲದ ಖಾಲಿ ಪದವನ್ನೂ ನಲ್ ಎಂದೇ ಎಣಿಸುತ್ತಾರೆ.

ಇಷ್ಟಾದರೂ ನಾವು ಡೇಟ್ ಅವರ ಪಕ್ಷಕ್ಕೆ ಸೇರಲಾರೆವು. ಲೋಕದಲ್ಲಿ ಅಳೆಯದ ದಿನಗಳು ಇದ್ದೇ ಇರುತ್ತವೆ. ಅವಕ್ಕೆ ಕೋಷ್ಟಕದಲ್ಲಿ ಸ್ಥಾನ ಕೊಡದಿದ್ದರೆ ಕೆಲಸದ ಆತುರದಲ್ಲಿರುವವನು ಸೊನ್ನೆಯನ್ನೋ 99.9ನ್ನೋ ಬರೆಯುತ್ತಾನೆ. ಕಾಡ್ ಅವರು 1990ರ ತಮ್ಮ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಲೆ ಇದೆ, ಆದರೆ ತಿಳಿಯದು ಎಂಬುದಕ್ಕೆ ಒಂದು ಗುರುತು. ಬೆಲೆ ಇರುವುದಕ್ಕೇ ಆಸ್ಪದವಿಲ್ಲ ಎಂಬುದಕ್ಕೆ ಇನ್ನೊಂದು ಗುರುತು. ದೂರವಾಣಿ ಇದ್ದೂ ಅದರ ಸಂಖ್ಯೆ ಗೊತ್ತಿಲ್ಲದಿರುವುದು ಒಂದು. ದೂರವಾಣಿಯೇ ಇಲ್ಲದವನ ಸಂಖ್ಯೆ ಇನ್ನೊಂದು. ರೋಗನಿದಾನ ಸರಿಯಾದುದೇ. ಆದರೆ ಅದರೊಡನೆ ಬಂದ ನಾಲ್ಕು ಬೆಲೆಗಳ ತರ್ಕವನ್ನು ಪ್ರಶ್ನೆ ಹಾಕುವ ಸಾಮಾನ್ಯನು ಹೊರಲಾರನು. ಎಸ್‌ಕ್ಯೂಎಲ್ ಅದನ್ನು ಸ್ವೀಕರಿಸದೆ ಇದ್ದುದು ಒಳ್ಳೆಯದೇ ಆಯಿತು. ಅಂಕದ ಕಾಲಮಿನ ಪಕ್ಕದಲ್ಲಿ "ಬರಿದಾಗಿರಲು ಕಾರಣ" ಎಂಬ ಇನ್ನೊಂದು ಕಾಲಂ ಇಟ್ಟು ಗೈರುಹಾಜರಿ, ಪತ್ರಿಕೆ ಬಂದಿಲ್ಲ, ವಿಷಯ ತೆಗೆದುಕೊಂಡಿಲ್ಲ ಎಂದು ಬರೆದರೆ ಅದೇ ಕೆಲಸ ಸರಳವಾಗಿ ಆಗುತ್ತದೆ. ಹಳೆಯ ಗುಮಾಸ್ತರು ಷರಾ ಕಾಲಮಿನಲ್ಲಿ ಮಾಡುತ್ತಿದ್ದುದೂ ಇದನ್ನೇ.

ನಮ್ಮ ಶಾಸ್ತ್ರದಲ್ಲಿ ಅಳತೆಯೊಂದನ್ನು ಹೇಳುವಾಗ ಅದರ ದೋಷದ ಮಿತಿಯನ್ನೂ ಹೇಳಬೇಕೆಂಬ ನಿಯಮವಿದೆ. ಗುರುತ್ವ ವೇಗೋತ್ಕರ್ಷ 9.8 ಎಂದು ಬರೆದರೆ ಸಾಲದು, ಎಷ್ಟರ ಮಟ್ಟಿಗೆ ಎಂದೂ ಬರೆಯಬೇಕು. ಕೋಷ್ಟಕಗಳಿಂದ ತೆಗೆದ ಸರಾಸರಿಗೂ ಇಂಥ ನಿಯಮ ಬೇಕೆಂಬುದು ನಮ್ಮ ವಾದ. ಬರಿದಾದ ಮನೆಗಳೆಷ್ಟೆಂದು ಜೊತೆಗೆ ಹೇಳದ ಸರಾಸರಿಯನ್ನು ಯಾವ ವರದಿಯಲ್ಲಿಯೂ ಒಪ್ಪಿಕೊಳ್ಳಕೂಡದು. ಇದಕ್ಕೆ ಶ್ರಮವೇನೂ ಇಲ್ಲ. "ಕೌಂಟ್" ಎಂಬ ಕ್ರಿಯೆಗೆ ನಕ್ಷತ್ರದ ಚಿಹ್ನೆ ಕೊಟ್ಟರೆ ಎಲ್ಲ ಸಾಲುಗಳ ಸಂಖ್ಯೆ ಬರುತ್ತದೆ. ಕಾಲಮಿನ ಹೆಸರು ಕೊಟ್ಟರೆ ಬೆಲೆ ತುಂಬಿದ ಸಾಲುಗಳ ಸಂಖ್ಯೆ ಮಾತ್ರ ಬರುತ್ತದೆ. ಒಂದರಿಂದೊಂದನ್ನು ಕಳೆದರೆ ಮುಗಿಯಿತು. ಪಠ್ಯದಲ್ಲಿ ಈ ವ್ಯವಕಲನಕ್ಕೆ ಒಂದು ಪುಟವಾದರೂ ಸಲ್ಲಬೇಕು. ನಲ್ ಎಂಬುದನ್ನು ಒಂದು ವಾಕ್ಯದ ವ್ಯಾಖ್ಯೆಗೆ ಇಳಿಸಿ ಮುಂದೆ ಸಾಗುವ ಬೋಧನೆಯನ್ನು ನಾವು ಬೋಧನೆಯೆಂದು ಕರೆಯಲಾರೆವು.

ಸ್ವತಃ ನೋಡಬಯಸುವ ವಿದ್ಯಾರ್ಥಿಗಳಿಗೆ ಎಸ್‌ಕ್ಯೂಲೈಟ್ ಎಂಬ ಸಾಧನ ಬೆಲೆಯಿಲ್ಲದೆ ದೊರೆಯುತ್ತದೆ. ಎರಡು ಸಾಲುಗಳ ಕೋಷ್ಟಕ ಮಾಡಿ. ಒಬ್ಬನಿಗೆ ಬರಹದ ಪರೀಕ್ಷೆಯಲ್ಲಿ 50, ಪ್ರಯೋಗದಲ್ಲಿ 20 ಎಂದು ಬರೆಯಿರಿ. ಇನ್ನೊಬ್ಬನಿಗೆ ಬರಹದಲ್ಲಿ 40 ಎಂದು ಬರೆದು ಪ್ರಯೋಗದ ಮನೆಯನ್ನು ಬರಿದಾಗಿ ಬಿಡಿ. ಮೊದಲು ಎರಡು ಕಾಲಮುಗಳ ಮೊತ್ತವನ್ನು ಬೇರೆ ಬೇರೆಯಾಗಿ ತೆಗೆದು ಕೂಡಿಸಿ: 110 ಬರುತ್ತದೆ. ಆಮೇಲೆ ಪ್ರತಿಯೊಬ್ಬನ ಅಂಕಗಳನ್ನು ಸಾಲಿನಲ್ಲಿಯೇ ಕೂಡಿಸಿ, ಬಂದುದರ ಮೊತ್ತ ತೆಗೆಯಿರಿ: 70 ಬರುತ್ತದೆ. ಎರಡನೆಯವನು ಬರೆದು ಗಳಿಸಿದ ನಲವತ್ತು ಅಂಕ ಎಲ್ಲಿ ಹೋಯಿತೆಂಬುದನ್ನು, ಮುಂದಿನ ಆಜ್ಞೆಯನ್ನು ಒತ್ತುವ ಮೊದಲು, ಸ್ವಿಚ್ಚುಗಳ ಚಿತ್ರ ಬರೆದ ಕಾಗದದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.